ಬೆಂಗಳೂರು–ಮಂಗಳೂರು: ಆಕಾಶದಲ್ಲಿ 306 ಕಿ.ಮೀ., ಮನೆಯಿಂದ ಮನೆಗೆ ಎಷ್ಟು ಗಂಟೆ?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಈ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ಬೆಂಗಳೂರು ನಿಲ್ದಾಣ ಇರುವುದು 77.71 ಡಿಗ್ರಿ ರೇಖಾಂಶದಲ್ಲಿ, ಬಜ್ಪೆ 74.89ರಲ್ಲಿ. ಅಂತರ 2.82 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಆದ್ದರಿಂದ ಪೂರ್ವ–ಪಶ್ಚಿಮವಾಗಿ 305 ಕಿ.ಮೀ. ಆಯಿತು. ಅಕ್ಷಾಂಶದಲ್ಲಿ ಬಜ್ಪೆ ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ದಕ್ಷಿಣಕ್ಕಿದೆ, ಅದು 26 ಕಿ.ಮೀ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 306. ಪೈಲಟ್‌ಗಳ ಲೆಕ್ಕದಲ್ಲಿ 165 ನಾಟಿಕಲ್ ಮೈಲಿ. ಸಾವಿರಾರು ಕಿ.ಮೀ. ದೂರಕ್ಕೆ ಈ ಸರಳ ಲೆಕ್ಕ ಸಾಲದು, ಭೂಮಿಯ ಉರುಟನ್ನೂ ಸೇರಿಸಬೇಕು. ಇಷ್ಟು ಹತ್ತಿರದ ಊರುಗಳಿಗೆ ಇದು ಸಾಕು.

ರಸ್ತೆಯಲ್ಲಿ ಇದೇ ದೂರ ಸುಮಾರು 350 ಕಿ.ಮೀ. ವ್ಯತ್ಯಾಸ ಐವತ್ತು ಕಿ.ಮೀ.ಗೂ ಕಡಿಮೆ. ಆದರೂ ವಿಮಾನದ ಟಿಕೆಟ್ ಮೇಲೆ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ, ಬಸ್ಸಿನ ಟಿಕೆಟ್ ಮೇಲೆ ಏಳೆಂಟು ಗಂಟೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ತೀರ್ಮಾನಿಸಿದವರು ಬಹಳ ಸಲ ಮೋಸ ಹೋಗುತ್ತಾರೆ. ನಿಮ್ಮ ಮನೆ ಬೆಂಗಳೂರಿನ ಯಾವ ದಿಕ್ಕಿನಲ್ಲಿದೆ, ಕರಾವಳಿಯಲ್ಲಿ ನೀವು ತಲುಪಬೇಕಾದ ಊರು ಯಾವುದು, ಹೊರಡುವುದು ಯಾವ ತಿಂಗಳಲ್ಲಿ, ಈ ಮೂರೂ ಗೊತ್ತಾಗುವವರೆಗೆ ಯಾವುದು ಬೇಗ ಎಂದು ಹೇಳುವಂತಿಲ್ಲ.

ಟಿಕೆಟ್ ಮೇಲಿನ ಒಂದು ಗಂಟೆಯೊಳಗೆ ಏನಿದೆ

ವಿಮಾನ ಕಂಪನಿ ಬರೆಯುವ ಸಮಯ ಗಾಳಿಯಲ್ಲಿ ಹಾರುವ ಸಮಯವಲ್ಲ. ಬೆಂಗಳೂರಿನಲ್ಲಿ ವಿಮಾನ ತಾನು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಬಜ್ಪೆಯಲ್ಲಿ ಬಂದು ನಿಲ್ಲುವವರೆಗಿನ ಸಮಯ ಅದು. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ಬೆಂಗಳೂರು ದೊಡ್ಡ ನಿಲ್ದಾಣ. ರನ್‌ವೇ ತುದಿಗೆ ಉರುಳಿಕೊಂಡು ಹೋಗಿ, ಸಾಲಿನಲ್ಲಿ ನಿಂತು, ಏರುವ ಹೊತ್ತಿಗೆ 15–20 ನಿಮಿಷ ಕಳೆದಿರುತ್ತದೆ. ಬಜ್ಪೆಯಲ್ಲಿ ಇಳಿದ ಮೇಲೆ ಐದು ನಿಮಿಷ ಸಾಕು. ನಿಜವಾಗಿ ಹಾರುವುದು ಜೆಟ್ ಆದರೆ 35ರಿಂದ 45 ನಿಮಿಷ, ಪಂಖದ ಸಣ್ಣ ವಿಮಾನ ಎಟಿಆರ್ ಆದರೆ 45ರಿಂದ 55 ನಿಮಿಷ.

ಈ ಮಾರ್ಗದಲ್ಲಿ ಎರಡೂ ಬಗೆಯ ವಿಮಾನಗಳು ಓಡುತ್ತವೆ. ಏರ್‌ಬಸ್ ಎ320 ಮತ್ತು ಬೋಯಿಂಗ್ 737 ಜೆಟ್‌ಗಳು ಮಟ್ಟ ಹಾರಾಟದಲ್ಲಿ ಗಂಟೆಗೆ ಸುಮಾರು 830 ಕಿ.ಮೀ. ಹೋಗುತ್ತವೆ. ರೆಕ್ಕೆಯ ಮೇಲೆ ಪಂಖ ತಿರುಗುವ ಎಟಿಆರ್ 72 ಹೋಗುವುದು ಸುಮಾರು 500 ಕಿ.ಮೀ. ಕೇಳುವುದಕ್ಕೆ ಇದು ದೊಡ್ಡ ಅಂತರ. ಆದರೆ 306 ಕಿ.ಮೀ.ಯಲ್ಲಿ ಜೆಟ್‌ಗೆ ತನ್ನ ಪೂರ್ತಿ ವೇಗ ತೋರಿಸಲು ಜಾಗವೇ ಇಲ್ಲ. ಅರ್ಧ ದಾರಿ ಏರುವುದರಲ್ಲಿ, ಉಳಿದರ್ಧ ಇಳಿಯುವುದರಲ್ಲಿ ಮುಗಿಯುತ್ತದೆ. ಹಾಗಾಗಿ ಜೆಟ್‌ನಿಂದ ಉಳಿಯುವುದು ಹತ್ತು, ಹದಿನೈದು ನಿಮಿಷ ಮಾತ್ರ. ಅದಕ್ಕಾಗಿ ಸಾವಿರ ರೂಪಾಯಿ ಹೆಚ್ಚು ಕೊಡುವ ಅಗತ್ಯವಿಲ್ಲ.

ಆದರೂ ವಿಮಾನ ಯಾವುದು ಎಂದು ನೋಡಿಯೇ ಟಿಕೆಟ್ ತೆಗೆಯಿರಿ. ಎಟಿಆರ್‌ನಲ್ಲಿ ತಲೆಯ ಮೇಲಿನ ಕಪಾಟು ಚಿಕ್ಕದು. ಎ320ಯಲ್ಲಿ ಸಲೀಸಾಗಿ ಕೂರುವ ಚಕ್ರದ ಪೆಟ್ಟಿಗೆ ಇಲ್ಲಿ ಹಿಡಿಸದೆ, ಏಣಿಯ ಬುಡದಲ್ಲೇ ಸಿಬ್ಬಂದಿ ತೆಗೆದುಕೊಂಡು ಸರಕಿನ ಗೂಡಿಗೆ ಹಾಕಬಹುದು. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಔಷಧಿ, ಚಿನ್ನ ಇವನ್ನೆಲ್ಲ ಬೇರೆ ಸಣ್ಣ ಚೀಲದಲ್ಲಿ ಇಟ್ಟುಕೊಂಡಿದ್ದರೆ ಆಗ ಗಡಿಬಿಡಿಯಾಗುವುದಿಲ್ಲ. ಎಟಿಆರ್‌ಗೆ ಹತ್ತುವುದು ಹಿಂಬಾಗಿಲಿನಿಂದ, ಮೆಟ್ಟಿಲ ಮೂಲಕ. ಟರ್ಮಿನಲ್‌ನಿಂದ ಬಸ್ಸಿನಲ್ಲಿ ವಿಮಾನದ ಬಳಿ ಕರೆದೊಯ್ಯುತ್ತಾರೆ. ಮೊಣಕಾಲು ನೋವಿನ ಹಿರಿಯರು ಜೊತೆಗಿದ್ದರೆ ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕೆಂದು ನಮೂದಿಸಿ, ಮೆಟ್ಟಿಲು ಹತ್ತಲು ಆಗುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿ. ಇನ್ನೊಂದು ವಿಷಯ: ಎಟಿಆರ್ 25,000 ಅಡಿಗಿಂತ ಮೇಲೆ ಹೋಗುವುದಿಲ್ಲ. ಮಳೆಗಾಲದ ಮೋಡಗಳ ನಡುವೆಯೇ ಹೋಗಬೇಕಾದ್ದರಿಂದ ಕುಲುಕಾಟ ಹೆಚ್ಚು. ಅಪಾಯವೇನಲ್ಲ. ಹೊಟ್ಟೆ ತೊಳಸುವವರು ರೆಕ್ಕೆಯ ಪಕ್ಕದ ಸಾಲುಗಳಲ್ಲಿ ಕುಳಿತರೆ ವಾಸಿ.

ಒಂದೇ ವಿಮಾನಕ್ಕೆ ಒಂದು ದಿನ ಹತ್ತು ನಿಮಿಷ ಹೆಚ್ಚು, ಇನ್ನೊಂದು ದಿನ ಕಡಿಮೆ ಏಕೆ ಎಂಬುದಕ್ಕೆ ಕಾರಣ ರನ್‌ವೇಯ ದಿಕ್ಕು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಮುಂಗಾರಿನಲ್ಲಿ ಪಶ್ಚಿಮದ ಗಾಳಿ, ಆಗ ಏರಿದ ವಿಮಾನ ನೇರ ಮಂಗಳೂರಿನ ಕಡೆಗೇ ಮುಖ ಮಾಡಿರುತ್ತದೆ. ಚಳಿಗಾಲದಲ್ಲಿ ಪೂರ್ವದ ಗಾಳಿ, ಆಗ ಹೊಸಕೋಟೆಯ ಕಡೆ ಏರಿ, ಸುತ್ತಿ, ಹಿಂದಿರುಗಿ ಪಶ್ಚಿಮಕ್ಕೆ ಹೊರಡಬೇಕು. ಬಜ್ಪೆಯಲ್ಲೂ ಹಾಗೆಯೇ. ನೈರುತ್ಯಕ್ಕೆ ಮುಖ ಮಾಡಿ ಇಳಿಯುವ ದಿನ ಘಟ್ಟದ ಕಡೆಯಿಂದ ಬಂದ ವಿಮಾನಕ್ಕೆ ದಾರಿ ಹೆಚ್ಚುಕಡಿಮೆ ನೇರ. ಈಶಾನ್ಯಕ್ಕೆ ಮುಖ ಮಾಡಿ ಇಳಿಯಬೇಕಾದ ದಿನ ಸಮುದ್ರದ ಮೇಲೆ ಹೋಗಿ ತಿರುಗಿ ಬರಬೇಕು. (ಆಕಾಶ ತಿಳಿಯಾಗಿರುವ ನವೆಂಬರ್, ಡಿಸೆಂಬರ್‌ನಲ್ಲಿ ಮಂಗಳೂರಿಗೆ ಹೋಗುವಾಗ ಬಲಬದಿಯ ಕಿಟಕಿ ಕೇಳಿ, ಕುದುರೆಮುಖದ ಸಾಲು ಆ ಕಡೆಗಿದೆ. ಕುಮಾರಪರ್ವತ ನೋಡಬೇಕಾದವರಿಗೆ ಎಡಬದಿ.)

ಮನೆಯಿಂದ ಮನೆಗೆ

ಈಗ ಪೂರ್ತಿ ಲೆಕ್ಕ ಹಾಕೋಣ. ಯಲಹಂಕದಲ್ಲಿರುವವರು ಮಂಗಳೂರಿನ ಕಾವೂರಿಗೆ ಹೋಗಬೇಕು ಎಂದುಕೊಳ್ಳಿ. ನಿಲ್ದಾಣಕ್ಕೆ 35 ನಿಮಿಷ, ಅಲ್ಲಿ ಒಂದೂವರೆ ಗಂಟೆ, ವಿಮಾನ 1 ಗಂಟೆ 10 ನಿಮಿಷ, ಸಾಮಾನು ತೆಗೆದುಕೊಂಡು ಹೊರಬರಲು 20 ನಿಮಿಷ, ಬಜ್ಪೆಯಿಂದ ಕಾವೂರಿಗೆ 20 ನಿಮಿಷ. ಒಟ್ಟು ನಾಲ್ಕು ಗಂಟೆಯ ಒಳಗೆ. ಇವರು ಬೇರೆ ಏನನ್ನೂ ಯೋಚಿಸಬೇಕಾಗಿಲ್ಲ.

ಜಯನಗರದಿಂದ ಹಂಪನಕಟ್ಟೆಗಾದರೆ ನಿಲ್ದಾಣಕ್ಕೆ ಒಂದೂವರೆ ಗಂಟೆ, ಸಂಜೆಯಾದರೆ ಎರಡು. ಅಲ್ಲಿ ಒಂದೂಮುಕ್ಕಾಲು ಗಂಟೆ, ವಿಮಾನ 1 ಗಂಟೆ 10 ನಿಮಿಷ, ಹೊರಬರಲು ಅರ್ಧ ಗಂಟೆ, ಪೇಟೆಗೆ 40 ನಿಮಿಷ. ಐದೂವರೆ, ಆರು ಗಂಟೆಯಾಯಿತು. ಕೆಂಗೇರಿಯಿಂದ ಮಣಿಪಾಲಕ್ಕೆ ಇದೇ ಲೆಕ್ಕ ಏಳು ಗಂಟೆಯ ಹತ್ತಿರ ಬರುತ್ತದೆ. ಅದೇ ಮಣಿಪಾಲಕ್ಕೆ ರಾತ್ರಿ ಬಸ್ಸು ಒಂಬತ್ತು ಗಂಟೆಯಷ್ಟು ತೆಗೆದುಕೊಳ್ಳುತ್ತದೆ, ಅದರಲ್ಲಿ ಏಳು ಗಂಟೆ ಮಲಗಿರುತ್ತೀರಿ. ಹಗಲಿನ ಏಳು ಗಂಟೆ ದುಬಾರಿಯೋ, ರಾತ್ರಿಯ ಒಂಬತ್ತು ಗಂಟೆ ದುಬಾರಿಯೋ ಎಂಬುದು ನಿಮ್ಮ ಕೆಲಸದ ಮೇಲೆ ನಿಂತಿದೆ. ನಮ್ಮ ಅಭಿಪ್ರಾಯ ಕೇಳಿದರೆ, ಬೆಂಗಳೂರಿನ ನೈರುತ್ಯ ಭಾಗದಲ್ಲಿದ್ದು ಉಡುಪಿಯ ಕಡೆ ಹೋಗುವವರು ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ರಾತ್ರಿ ಪ್ರಯಾಣವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ನಿಲ್ದಾಣದಲ್ಲಿ ಒಂದೂಮುಕ್ಕಾಲು ಗಂಟೆ ಏಕೆ ಎಂದು ಹಲವರು ಕೇಳುತ್ತಾರೆ. ದೇಶದೊಳಗಿನ ವಿಮಾನಗಳಿಗೆ ಸಾಮಾನು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಹೊರಡುವುದಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು. ಕೌಂಟರ್ ಮುಚ್ಚಿ ಎರಡು ನಿಮಿಷ ಆದ ಮೇಲೆ ಹೋದರೂ ಚೀಲ ತೆಗೆದುಕೊಳ್ಳುವುದಿಲ್ಲ, ಬೇಡಿಕೊಂಡರೂ ಪ್ರಯೋಜನವಿಲ್ಲ. ಆದ್ದರಿಂದ ಚೀಲ ಒಪ್ಪಿಸುವವರು ಒಂದೂಮುಕ್ಕಾಲರಿಂದ ಎರಡು ಗಂಟೆ ಮೊದಲೇ ತಲುಪಬೇಕು. ಕೈಚೀಲ ಮಾತ್ರ ಇದ್ದು, ಮನೆಯಲ್ಲೇ ವೆಬ್ ಚೆಕ್-ಇನ್ ಮಾಡಿ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ಆ್ಯಪ್‌ನಲ್ಲಿ ಬೋರ್ಡಿಂಗ್ ಪಾಸ್ ಹಾಕಿಕೊಂಡಿದ್ದರೆ ಬೆಂಗಳೂರಿನಲ್ಲಿ 75 ನಿಮಿಷ ಸಾಕು. ಬೆಳಿಗ್ಗೆ ಐದರಿಂದ ಎಂಟರವರೆಗೆ ಭದ್ರತಾ ತಪಾಸಣೆಯ ಸಾಲು ಉದ್ದ, ಆ ಹೊತ್ತಿಗೆ ಇನ್ನೊಂದು 20 ನಿಮಿಷ ಸೇರಿಸಿ.

ಟರ್ಮಿನಲ್ ಯಾವುದೆಂದು ಮನೆಯಲ್ಲೇ ನೋಡಿಕೊಳ್ಳಿ. ಎರಡನೇ ಟರ್ಮಿನಲ್ 2023ರ ಜನವರಿಯಲ್ಲಿ ದೇಶದೊಳಗಿನ ವಿಮಾನಗಳಿಗೆ ತೆರೆದ ಮೇಲೆ, ಮಂಗಳೂರಿಗೆ ಹೋಗುವ ವಿಮಾನ ಕಂಪನಿಗೆ ತಕ್ಕಂತೆ ಒಂದನೇ ಟರ್ಮಿನಲ್‌ನಿಂದಲೂ ಹೊರಡಬಹುದು, ಎರಡನೆಯದರಿಂದಲೂ ಹೊರಡಬಹುದು. ಎರಡರ ನಡುವೆ ಶಟಲ್ ಬಸ್ ಇದೆ. ಆದರೆ ತಪ್ಪು ಬಾಗಿಲಿಗೆ ಹೋಗಿ ವಾಪಸಾಗುವುದರಲ್ಲಿ 20–25 ನಿಮಿಷ ಹೋಗುತ್ತದೆ.

ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8 ವಾಯುವಜ್ರ ಬಸ್ಸುಗಳು ನಿಲ್ದಾಣಕ್ಕೆ ಬರುತ್ತವೆ. ಕ್ಯಾಬ್ ದರ ಏರಿದ ದಿನ ಇವು ದೊಡ್ಡ ಉಳಿತಾಯ. ಆದರೆ ಸಂಜೆ ಐದರಿಂದ ಒಂಬತ್ತರ ನಡುವೆ ಹೆಬ್ಬಾಳ ದಾಟುವುದೇ ಒಂದು ಕೆಲಸ, ಬಸ್ಸಾಗಲಿ ಕ್ಯಾಬ್ ಆಗಲಿ ಅಲ್ಲಿ ಒಂದೇ. ಸಂಜೆಯ ವಿಮಾನಕ್ಕೆ ಹೊರಡುವವರು ಮ್ಯಾಪ್ ತೋರಿಸುವ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಬೇಕು.

ಬಜ್ಪೆಯಿಂದ ಮುಂದೆ

ಮಂಗಳೂರು ನಿಲ್ದಾಣ ಚಿಕ್ಕದು. ವಿಮಾನ ನಿಂತ ಹದಿನೈದು ನಿಮಿಷದಲ್ಲಿ ಕೈಚೀಲದವರು ಹೊರಗಿರುತ್ತಾರೆ. ಹಂಪನಕಟ್ಟೆಗೆ ಸುಮಾರು 15 ಕಿ.ಮೀ. ದಾರಿ ಗುಡ್ಡ ಇಳಿದು, ಮರವೂರು ಸೇತುವೆ ದಾಟಿ, ಕಾವೂರು ಮೂಲಕ ಹೋಗುತ್ತದೆ. ಈ ಸೇತುವೆಯ ಮೇಲೆ ಎಷ್ಟು ಅವಲಂಬನೆ ಇದೆ ಎಂಬುದು 2021ರ ಜೂನ್‌ನಲ್ಲಿ ಗೊತ್ತಾಯಿತು. ಕಂಬ ಕುಸಿದು ಸೇತುವೆ ಮುಚ್ಚಿದಾಗ ಪೇಟೆಯವರು ಬಳಸು ದಾರಿ ಹಿಡಿಯಬೇಕಾಯಿತು.

ಉಡುಪಿಗೆ ಸುಮಾರು 60 ಕಿ.ಮೀ., ಕಾಸರಗೋಡಿಗೂ ಹೆಚ್ಚುಕಡಿಮೆ ಅಷ್ಟೇ. ಎರಡಕ್ಕೂ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಉಡುಪಿಯ ಕಡೆಗೆ ಹೋಗುವವರು ಪೇಟೆಯೊಳಗೆ ಇಳಿಯಬೇಕಾಗಿಲ್ಲ. ಬಜ್ಪೆ, ಕಟೀಲು, ಕಿನ್ನಿಗೋಳಿ, ಮೂಲ್ಕಿ ದಾರಿಯಲ್ಲಿ ಹೋದರೆ ಕೊಟ್ಟಾರದ ಟ್ರಾಫಿಕ್ ತಪ್ಪುತ್ತದೆ. ರಸ್ತೆ ಕಿರಿದು, ತಿರುವು ಜಾಸ್ತಿ, ಆದರೂ ಸಂಜೆಯ ಹೊತ್ತಿಗೆ ಅದೇ ಲೇಸು. ಕುಂದಾಪುರದವರಿಗೆ ಬಜ್ಪೆಯಿಂದ ಇನ್ನೂ ಎರಡೂವರೆ ಗಂಟೆ ಬೇಕು. ಅವರಿಗೆ ವಿಮಾನದಿಂದ ಹೆಚ್ಚು ಲಾಭವಿಲ್ಲ. ಪುತ್ತೂರು, ಸುಬ್ರಹ್ಮಣ್ಯ, ಧರ್ಮಸ್ಥಳಕ್ಕೆ ಹೋಗುವವರಿಗಂತೂ ವಿಮಾನ ವ್ಯರ್ಥ. ಈ ಊರುಗಳು ಘಟ್ಟ ಇಳಿದ ಕೂಡಲೇ ಸಿಗುತ್ತವೆ. ಮಂಗಳೂರಿನವರೆಗೆ ಹಾರಿ ಹಿಂದಕ್ಕೆ ಬರುವುದರಲ್ಲಿ ಅರ್ಥವಿಲ್ಲ.

ಮಳೆಗಾಲದ ಲೆಕ್ಕವೇ ಬೇರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲೆ ಹೇಳಿದ ಲೆಕ್ಕಗಳನ್ನೆಲ್ಲ ಬದಿಗಿಡಿ. ಬಜ್ಪೆಯದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ. ಉದ್ದ 2,450 ಮೀಟರ್, 2006ರಲ್ಲಿ ಬಳಕೆಗೆ ಬಂದದ್ದು. ಎರಡೂ ತುದಿಯಲ್ಲಿ ಕಮರಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಬಿದ್ದು 158 ಜನ ತೀರಿಕೊಂಡರು. ಇಂಥ ರನ್‌ವೇಯಲ್ಲಿ ಪೈಲಟ್‌ಗಳು ಸಂದೇಹ ಬಂದರೆ ಇಳಿಯುವುದಿಲ್ಲ, ಇಳಿಯಲೂ ಬಾರದು. ಸಮುದ್ರದಿಂದ ಬರುವ ತಗ್ಗಿನ ಮೋಡ ಗುಡ್ಡದ ಮೇಲೆಯೇ ಕೂತುಬಿಡುತ್ತದೆ. ಕೆಳಗೆ ಪೇಟೆಯಲ್ಲಿ ಸಣ್ಣ ಮಳೆ ಇರುವಾಗಲೂ ಮೇಲೆ ರನ್‌ವೇ ಕಾಣದಿರಬಹುದು. ಆಗ ವಿಮಾನ ಸ್ವಲ್ಪ ಹೊತ್ತು ಆಕಾಶದಲ್ಲಿ ಸುತ್ತುತ್ತದೆ, ಮೋಡ ಸರಿಯದಿದ್ದರೆ ಬೆಂಗಳೂರಿಗೇ ಹಿಂದಿರುಗುತ್ತದೆ, ಇಲ್ಲವೇ ಕಣ್ಣೂರು, ಕೊಚ್ಚಿಗೆ ಹೋಗುತ್ತದೆ. ಆಟಿಯ (ಜುಲೈ–ಆಗಸ್ಟ್) ಮಳೆಯ ದಿನಗಳಲ್ಲಿ ಇದು ಅಪರೂಪದ ಸಂಗತಿಯಲ್ಲ.

ಹಾಗೆಂದು ಮಳೆಗಾಲದಲ್ಲಿ ರಸ್ತೆ, ರೈಲನ್ನು ನೆಚ್ಚಿಕೊಳ್ಳೋಣ ಎಂದರೆ ಅವುಗಳ ಪಾಡು ಇನ್ನೂ ಕಷ್ಟ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಘಟ್ಟದ ರೈಲುಗಳು ಹಲವು ದಿನ ನಿಂತವು. ಅದೇ ತಿಂಗಳು ಸಕಲೇಶಪುರದ ಬಳಿ ದೊಡ್ಡತಪ್ಲೆಯಲ್ಲಿ ಮಣ್ಣು ಜಾರಿ ಶಿರಾಡಿ ಘಾಟಿಯ ರಸ್ತೆಯೂ ಬಂದ್ ಆಯಿತು. ಶಿರಾಡಿ ಮುಚ್ಚಿದರೆ ಉಳಿಯುವ ದಾರಿ ಚಾರ್ಮಾಡಿ ಅಥವಾ ಮಡಿಕೇರಿ ಮೇಲಿನ ಸಂಪಾಜೆ. ಎರಡರಲ್ಲೂ ಎರಡು ಮೂರು ಗಂಟೆ ಹೆಚ್ಚಾಗುತ್ತದೆ, ಭಾರಿ ಮಳೆಗೆ ಅವೂ ಮುಚ್ಚುವುದುಂಟು. ಆದ್ದರಿಂದ ಜುಲೈ, ಆಗಸ್ಟ್‌ನಲ್ಲಿ ಮದುವೆ, ಪರೀಕ್ಷೆ, ಆಸ್ಪತ್ರೆಯ ತಾರೀಖು ಹೀಗೆ ತಪ್ಪಿಸಲಾಗದ ಕೆಲಸ ಇರುವವರು ವಿಮಾನವನ್ನೇ ಹಿಡಿಯಲಿ, ಆದರೆ ಒಂದು ದಿನ ಮೊದಲು. ಹಿಂದಿರುಗಿ ಬಂದ ವಿಮಾನ ಕೆಲವು ಗಂಟೆ ಬಿಟ್ಟು ಮತ್ತೆ ಹೊರಡಬಹುದು, ಕುಸಿದ ಗುಡ್ಡ ಅಷ್ಟು ಬೇಗ ದಾರಿ ಬಿಡುವುದಿಲ್ಲ.

ಮಳೆಗಾಲಕ್ಕೆ ಬೆಳಗಿನ ಮೊದಲ ವಿಮಾನವೋ, ಹತ್ತು ಗಂಟೆಯ ನಂತರದ್ದೋ? ಮೊದಲ ವಿಮಾನ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ, ಏಕೆಂದರೆ ಅದು ರಾತ್ರಿಯೇ ಬಂದು ನಿಂತಿರುತ್ತದೆ. ಒಂದೇ ವಿಮಾನ ದಿನಕ್ಕೆ ಆರೇಳು ಸಲ ಹಾರುವುದರಿಂದ ಬೆಳಗಿನ ಇಪ್ಪತ್ತು ನಿಮಿಷದ ತಡ ಸಂಜೆಗೆ ಎರಡು ಗಂಟೆಯಾಗಿರಬಹುದು. ಆದ್ದರಿಂದ ನಮ್ಮ ಮತ ಬೆಳಗಿನದಕ್ಕೇ. ಮೋಡ ಕಟ್ಟಿದ್ದರೂ ಇನ್ನೊಂದು ಪ್ರಯತ್ನಕ್ಕೆ ಇಡೀ ದಿನ ಮುಂದಿರುತ್ತದೆ. ರಾತ್ರಿಯ ಕೊನೆಯ ವಿಮಾನ ಹಿಂದಿರುಗಿದರೆ ನಿಮ್ಮ ರಾತ್ರಿ ಬಸ್ಸೂ ಅಷ್ಟರಲ್ಲಿ ಹೊರಟುಹೋಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಇದಕ್ಕೆ ಸ್ವಲ್ಪ ತಿದ್ದುಪಡಿ ಬೇಕು: ಆಗ ದೇವನಹಳ್ಳಿಯಲ್ಲಿ ಮಂಜು, ಮುಂಜಾನೆಯ ವಿಮಾನಗಳು ಅರ್ಧ, ಒಂದು ಗಂಟೆ ತಡವಾಗುವುದುಂಟು.

ತಡವಾದರೆ, ರದ್ದಾದರೆ ಏನು ಸಿಗುತ್ತದೆ ಎಂಬುದನ್ನು ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನಿಯಮ ಹೇಳುತ್ತದೆ. ಇಷ್ಟು ಚಿಕ್ಕ ಹಾರಾಟದಲ್ಲಿ ಎರಡು ಗಂಟೆ ಮೀರಿ ತಡವಾದರೆ, ಹೊತ್ತಿಗೆ ಬಂದು ಕಾಯುತ್ತಿರುವವರಿಗೆ ಊಟ ಅಥವಾ ತಿಂಡಿ ಕೊಡಬೇಕು. ಮೊದಲೇ ತಿಳಿಸದೆ ರದ್ದು ಮಾಡಿದರೆ ಹಣ ವಾಪಸು ಅಥವಾ ಬೇರೆ ವಿಮಾನ, ಅದರ ಮೇಲೆ ಪರಿಹಾರ. ಪರಿಹಾರದ ಮಿತಿ ಬ್ಲಾಕ್ ಟೈಮ್ ಒಂದು ಗಂಟೆಯವರೆಗಿದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಯಿದ್ದರೆ 7,500 ರೂಪಾಯಿ. ಅಥವಾ ಮೂಲದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತ. ಎರಡರಲ್ಲಿ ಯಾವುದು ಕಡಿಮೆಯೋ ಅದು. ನಮ್ಮ ಮಾರ್ಗ ಸರಿಯಾಗಿ ಆ ಒಂದು ಗಂಟೆಯ ಗಡಿಯ ಮೇಲೆ ಕೂತಿರುವುದರಿಂದ ಟಿಕೆಟ್‌ನಲ್ಲಿ ಬರೆದ ಸಮಯ ಎಷ್ಟೆಂದು ಗಮನಿಸಿ. ಆದರೆ ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರವಿಲ್ಲ, ಟಿಕೆಟ್ ಹಣ ಅಥವಾ ಬೇರೆ ವಿಮಾನ ಮಾತ್ರ. ಮಳೆಗಾಲದ ಬಹುಪಾಲು ರದ್ದತಿಗಳು ಈ ಲೆಕ್ಕಕ್ಕೇ ಬರುತ್ತವೆ.

ರೈಲು

ರೈಲನ್ನು ನಿಧಾನ ಎಂದು ತಳ್ಳಿಹಾಕುವವರು ಹೆಚ್ಚು. 2017ರ ಮಾರ್ಚ್‌ನಲ್ಲಿ ಕುಣಿಗಲ್ ಮೂಲಕ ಹಾಸನಕ್ಕೆ ನೇರ ಹಳಿ ತೆರೆದ ಮೇಲೆ ಸ್ಥಿತಿ ಸುಧಾರಿಸಿದೆ. ಆ ದಾರಿಯ ರೈಲುಗಳು ಮಂಗಳೂರಿಗೆ 9ರಿಂದ 10 ಗಂಟೆ ತೆಗೆದುಕೊಳ್ಳುತ್ತವೆ. ಮೈಸೂರು ಸುತ್ತಿ ಬರುವ ರೈಲಿಗೆ ಇನ್ನೂ ಎರಡು ಮೂರು ಗಂಟೆ ಜಾಸ್ತಿ. ಟಿಕೆಟ್ ತೆಗೆಯುವಾಗ ಇದನ್ನು ನೋಡದೆ ಮೋಸಹೋಗಬೇಡಿ. ಸಮಯ ತಿನ್ನುವುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಅಲ್ಲಿ 57 ಸುರಂಗಗಳು, 50 ಅಡಿಗೆ ಒಂದು ಅಡಿ ಇಳಿಜಾರು. ಹೆಚ್ಚುವರಿ ಎಂಜಿನ್ ಜೋಡಿಸಿಕೊಂಡು ಬಹಳ ನಿಧಾನವಾಗಿ ಸಾಗಬೇಕು. ಇಷ್ಟಕ್ಕೇ ಎರಡು, ಎರಡೂವರೆ ಗಂಟೆ.

ಹಗಲಿನ ಗೋಮಟೇಶ್ವರ ಎಕ್ಸ್‌ಪ್ರೆಸ್ ಯಶವಂತಪುರದಿಂದ ವಾರಕ್ಕೆ ಮೂರು ದಿನ ಹೊರಡುತ್ತದೆ. ಇದಕ್ಕೆ 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಇದೆ. ಇದನ್ನು ಹತ್ತುವವರು ಬೇಗ ತಲುಪಲು ಹತ್ತುವುದಿಲ್ಲ, ಘಟ್ಟ ನೋಡಲು ಹತ್ತುತ್ತಾರೆ. ಕೆಲಸಕ್ಕೆ ಬರುವುದು ರಾತ್ರಿ ರೈಲುಗಳು. ಉಡುಪಿ, ಕುಂದಾಪುರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ನಿಜವಾದ ವರ. ಸಂಜೆ ಬೆಂಗಳೂರು ಬಿಟ್ಟು, ಮಂಗಳೂರು ಸೆಂಟ್ರಲ್‌ಗೆ ಹೋಗಿ ಎಂಜಿನ್ ತಿರುಗಿಸುವ ಗೋಜಿಲ್ಲದೆ ಪಡೀಲ್ ಬೈಪಾಸ್‌ನಲ್ಲಿ ಹಾದು, ಬೆಳಗಿನ ಜಾವಕ್ಕೆ ಉಡುಪಿಗೆ ಬಿಡುತ್ತದೆ. ಮಂಗಳೂರು ಪೇಟೆಯವರು ಇದನ್ನು ಹತ್ತಬೇಡಿ. ಒಂದು ಎಚ್ಚರಿಕೆ: ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಆ ಹೊತ್ತಿಗೆ ಸಿಟಿ ಬಸ್ ಇರುವುದಿಲ್ಲ, ರಿಕ್ಷಾವೇ ಗತಿ.

ಮಲಗದೆ ಪ್ರಯಾಣ ಮಾಡಲಾರದ ಹಿರಿಯರಿಗೆ, ಪದೇಪದೇ ಶೌಚಾಲಯ ಬೇಕಾದವರಿಗೆ, ಶಿರಾಡಿಯ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ರೈಲಿಗಿಂತ ಹಿತವಾದದ್ದು ಇಲ್ಲ. ತೊಡಕು ಒಂದೇ, ಸೀಟು. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ ಮೊದಲು ತೆರೆಯುತ್ತದೆ. ದಸರಾ, ದೀಪಾವಳಿ, ಕ್ರಿಸ್‌ಮಸ್ ಹೊತ್ತಿಗೆ ಆ ದಿನವೇ ತೆಗೆಯದಿದ್ದರೆ ವೇಟಿಂಗ್ ಲಿಸ್ಟ್. ತತ್ಕಾಲ್ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ.

ಬಸ್ಸು, ಕಾರು

ಬಸ್ಸಿನ ದೊಡ್ಡ ಗುಣ ಅದರ ಸಂಖ್ಯೆ. ರಾತ್ರಿ ಒಂಬತ್ತಕ್ಕೆ ಊರಿನಿಂದ ಕೆಟ್ಟ ಸುದ್ದಿ ಬಂದರೆ ವಿಮಾನಕ್ಕೆ ಬೆಳಗಿನವರೆಗೆ ಕಾಯಬೇಕು, ರೈಲು ಹೊರಟುಹೋಗಿರುತ್ತದೆ. ಬಸ್ಸು ಹನ್ನೊಂದರವರೆಗೂ ಸಿಗುತ್ತದೆ, ಬೆಳಗಾಗುವಾಗ ಮಂಗಳೂರಿನ ಬಿಜೈ ಬಸ್ ನಿಲ್ದಾಣದಲ್ಲಿ ಇಳಿಯಬಹುದು. ಕೆಎಸ್‌ಆರ್‌ಟಿಸಿಯ ರಾಜಹಂಸದಲ್ಲಿ ಕುಳಿತು, ಪಲ್ಲಕ್ಕಿಯಲ್ಲಿ ಎಸಿ ಇಲ್ಲದೆ ಮಲಗಿ, ಅಂಬಾರಿಯಲ್ಲಿ ಎಸಿಯಲ್ಲಿ ಮಲಗಿ ಹೋಗಬಹುದು. ಸ್ಲೀಪರ್‌ನಲ್ಲಿ ಕೊನೆಯ ಸಾಲು ಮತ್ತು ಮೇಲಿನ ಹಾಸಿಗೆ ಘಟ್ಟದಲ್ಲಿ ಹೆಚ್ಚು ತೂರಾಡುತ್ತವೆ. ನಡುಭಾಗದ ಕೆಳಗಿನ ಹಾಸಿಗೆ ಕೇಳಿ. ಹತ್ತುವ ಜಾಗದ ಆಯ್ಕೆಯೂ ಮುಖ್ಯ. ಮೆಜೆಸ್ಟಿಕ್ ಬಿಟ್ಟ ಬಸ್ಸು ನೆಲಮಂಗಲ ದಾಟಲು ಒಂದು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ನಿಮ್ಮ ಮನೆಯ ಹತ್ತಿರ ಮೆಟ್ರೋ ಇದ್ದರೆ ಜಾಲಹಳ್ಳಿ ಅಥವಾ ದಾಸರಹಳ್ಳಿಯವರೆಗೆ ಅದರಲ್ಲೇ ಬಂದು ಅಲ್ಲಿ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ ಉಳಿಯುತ್ತದೆ.

ಕಾರಿನಲ್ಲಿ ಏಳು ಗಂಟೆ. ನಾಲ್ಕು ಜನ ಇದ್ದು ಊರಿನಲ್ಲಿ ಓಡಾಟವೂ ಇದ್ದರೆ ಲೆಕ್ಕ ಕಾರಿನ ಕಡೆಗೇ ಬೀಳುತ್ತದೆ. ಬೆಳಿಗ್ಗೆ ಐದರೊಳಗೆ ನೆಲಮಂಗಲ ದಾಟಿ, ಹಗಲಲ್ಲಿ ಶಿರಾಡಿ ಇಳಿಯಿರಿ. ಕತ್ತಲಲ್ಲಿ ಮಂಜು, ಮಳೆ, ಲಾರಿಗಳ ಸಾಲು ಎಲ್ಲವೂ ಸೇರಿ ಆ ಇಳಿಜಾರು ಬಹಳ ಕೆಟ್ಟದ್ದು. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ, ಎರಡನೇ ಮೂರನೇ ಗೇರ್‌ನಲ್ಲಿ ಎಂಜಿನ್ ಹಿಡಿತಕ್ಕೆ ಬಿಡಿ.

ಖರ್ಚು ಮತ್ತು ಸಾಮಾನು

ವಿಮಾನದ ದರ ದಿನಕ್ಕೊಂದು. ಶುಕ್ರವಾರ ಸಂಜೆ ಮಂಗಳೂರಿಗೆ, ಭಾನುವಾರ ಸಂಜೆ ಬೆಂಗಳೂರಿಗೆ ಅತಿ ದುಬಾರಿ; ಮಂಗಳವಾರ, ಬುಧವಾರ ಮಧ್ಯಾಹ್ನ ಅಗ್ಗ. ಆದರೆ ಹೋಲಿಸುವಾಗ ಟಿಕೆಟ್‌ಗೆ ಎರಡೂ ಕಡೆಯ ಕ್ಯಾಬ್ ಬಾಡಿಗೆಯನ್ನು ಕೂಡಿಸಿಯೇ ಹೋಲಿಸಿ. ಒಬ್ಬರೇ ಹೋಗುವಾಗ ದಕ್ಷಿಣ ಬೆಂಗಳೂರಿನಿಂದ ನಿಲ್ದಾಣಕ್ಕೆ ಕೊಡುವ ಕ್ಯಾಬ್ ಹಣದಲ್ಲಿ ಬಸ್ಸಿನವರು ಮಂಗಳೂರನ್ನೇ ತಲುಪಿರುತ್ತಾರೆ.

ಸಾಮಾನಿನ ಮಿತಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಅಗ್ಗದ ಟಿಕೆಟ್‌ಗಳಲ್ಲಿ ಚೆಕ್-ಇನ್ ಸೇರಿರದ ಬಗೆಯೂ ಇದೆ, ದರ ಕಡಿಮೆ ಕಂಡರೆ ಮೊದಲು ಅದನ್ನೇ ನೋಡಿ. ಹೋಗುವಾಗ ಈ ಮಿತಿ ಸಾಕಾಗುತ್ತದೆ. ಕಷ್ಟವಾಗುವುದು ಬರುವಾಗ. ಹತ್ತು ಕಿಲೋ ಕುಚ್ಚಲಕ್ಕಿ, ನಾಲ್ಕು ತೆಂಗಿನಕಾಯಿ, ಒಂದು ಬಾಟಲಿ ತೆಂಗಿನೆಣ್ಣೆ ಎಂದರೆ ತೂಕ ಮುಗಿಯಿತು. ಒಣ ಕೊಬ್ಬರಿಯನ್ನು ವಿಮಾನಕ್ಕೆ ಬಿಡುವುದಿಲ್ಲ, ಅದರ ಎಣ್ಣೆಯಂಶ ಬೇಗ ಹೊತ್ತಿಕೊಳ್ಳುತ್ತದೆ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟರೆ ತಪಾಸಣೆಯಲ್ಲಿ ತೆಗೆದುಹಾಕಬಹುದು. ಊರಿನಿಂದ ಮೂಟೆ ತರಬೇಕಾದಾಗ ಹೋಗುವುದು ವಿಮಾನದಲ್ಲಿ, ಬರುವುದು ಬಸ್ಸಿನಲ್ಲಿ ಎಂದು ಬೇರೆ ಬೇರೆ ಟಿಕೆಟ್ ಮಾಡುವುದು ಜಾಣತನ.

ವಿದೇಶದಿಂದ ಬೆಂಗಳೂರಿಗೆ ಬಂದು ಮಂಗಳೂರಿಗೆ ಹೋಗುವವರು

ಲಂಡನ್, ಸಿಂಗಾಪುರದಿಂದ ಬರುವವರು ಹೆಚ್ಚಾಗಿ ಎಡವುವುದು ಇಲ್ಲಿ. ಬೆಂಗಳೂರಿನವರೆಗೆ ಒಂದು ಟಿಕೆಟ್, ಮುಂದಕ್ಕೆ ಅಗ್ಗವಾಗಿ ಸಿಕ್ಕಿತೆಂದು ಇನ್ನೊಂದು ಟಿಕೆಟ್ ತೆಗೆಯುತ್ತಾರೆ. ಹಾಗೆ ಮಾಡಿದರೆ ಎರಡು ಪೆಟ್ಟು. ಮೊದಲನೆಯದು ತೂಕ: ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ ತಂದವರಿಗೆ ಇಲ್ಲಿ 15 ಕೆ.ಜಿ. ಮಾತ್ರ, ಉಳಿದ 31 ಕಿಲೋಗೆ ಕಿಲೋ ಲೆಕ್ಕದಲ್ಲಿ ಹಣ. ಎರಡನೆಯದು ತಡ: ವಿದೇಶದ ವಿಮಾನ ತಡವಾಗಿ ಬಂದು ಮಂಗಳೂರಿನದು ತಪ್ಪಿದರೆ ಎರಡನೇ ಕಂಪನಿಗೆ ಅದರ ಹೊಣೆ ಇಲ್ಲ, ಟಿಕೆಟ್ ಹೋದಂತೆ. ಒಂದೇ ಪಿಎನ್‌ಆರ್‌ನಲ್ಲಿ ಪೂರ್ತಿ ಪ್ರಯಾಣ ಇದ್ದರೆ ವಿದೇಶದ ತೂಕವೇ ಕೊನೆಯವರೆಗೆ ನಡೆಯುತ್ತದೆ, ತಪ್ಪಿದರೆ ಮುಂದಿನ ವಿಮಾನ ಅವರೇ ಕೊಡಬೇಕು.

ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ವಿದೇಶದ ವಿಮಾನಗಳು ಬರುವುದು ಎರಡನೇ ಟರ್ಮಿನಲ್‌ಗೆ. ಮಂಗಳೂರಿನದೂ ಅಲ್ಲಿಂದಲೇ ಆದರೆ ಮೂರು ಗಂಟೆ ಅಂತರ ಸಾಕು. ಒಂದನೇ ಟರ್ಮಿನಲ್ ಆದರೆ, ಅಥವಾ ಟಿಕೆಟ್ ಬೇರೆ ಬೇರೆಯಾದರೆ ಐದು ಗಂಟೆ ಬಿಡಿ. ದುಬೈಯಿಂದ ಬರುವವರಿಗೆ ಇದಾವುದೂ ಬೇಡ, ಅಲ್ಲಿಂದ ಮಂಗಳೂರಿಗೆ ನೇರ ವಿಮಾನವಿದೆ. ಕುಂದಾಪುರ, ಬೈಂದೂರಿನ ಕಡೆಯವರು ಗೋವಾದ ಮೋಪ, ದಾಬೋಲಿಂ ನಿಲ್ದಾಣಗಳ ದರವನ್ನೂ ಒಮ್ಮೆ ನೋಡುತ್ತಾರೆ. ಮಡಗಾಂವ್‌ನಿಂದ ಕೊಂಕಣ ರೈಲು ಸಿಗುತ್ತದೆ ನಿಜ. ಆದರೆ ಮೋಪ ಇರುವುದು ಗೋವಾದ ಉತ್ತರದ ತುದಿಯಲ್ಲಿ, ಅಲ್ಲಿಂದ ಮಡಗಾಂವ್ ತಲುಪುವುದೇ ಇನ್ನೊಂದು ದೊಡ್ಡ ಪ್ರಯಾಣ. ದಾಬೋಲಿಂಗೆ ಬರುವ ವಿಮಾನವಾದರೆ ಮಾತ್ರ ಆ ದಾರಿಯನ್ನು ಯೋಚಿಸಿ, ಅದೂ ರೈಲಿನ ಸೀಟು ಮೊದಲೇ ಖಾತ್ರಿಯಾಗಿದ್ದರೆ.